ಕೊಟ್ಟಿಗೆಯಲ್ಲಿ ಇಂಗ್ಲಿಷ್, ತಟ್ಟೆಯಲ್ಲಿ ಫ್ರೆಂಚ್ ಎಂಬ ಕಟ್ಟುಕತೆ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿವೆ. ಹೋದ ವರ್ಷವೂ ಇದು ಬಂದಿತ್ತು, ಅದರ ಹಿಂದಿನ ವರ್ಷವೂ ಬಂದಿತ್ತು. ಆಗೆಲ್ಲ ಎರಡು ಸಾಲಿನಲ್ಲಿ ಉತ್ತರಿಸಿ ಕೈತೊಳೆದುಕೊಂಡದ್ದು ನನ್ನದೇ ತಪ್ಪು. ಆದ್ದರಿಂದ ಈ ಸಲ ಬಹುಪಾಲು ಜಾಗವನ್ನು ಅದಕ್ಕೇ ಕೊಡುತ್ತೇನೆ. ಫ್ರಾನ್ಸಿನ ಉತ್ತರ ಭಾಗದಿಂದ ಬಂದ, ಫ್ರೆಂಚ್ ಮಾತಾಡುತ್ತಿದ್ದ ನಾರ್ಮನ್ನರು 1066ರಲ್ಲಿ ಯುದ್ಧ ಗೆದ್ದು ಇಂಗ್ಲೆಂಡನ್ನು ಆಳತೊಡಗಿದರು ಎಂಬಷ್ಟು ನೆನಪಿದ್ದರೆ ಸಾಕು. ಉಳಿದದ್ದು ಶಾಲೆಯ ಚರಿತ್ರೆ ಪುಸ್ತಕದಲ್ಲಿ ಸಿಗುತ್ತದೆ.

ಪ್ರಶ್ನೆ: ಇಂಗ್ಲಿಷಿನಲ್ಲಿ ಹಸುವಿಗೆ ‘ಕೌ’, ಅದರ ಮಾಂಸಕ್ಕೆ ‘ಬೀಫ್’, ಕುರಿಗೆ ‘ಶೀಪ್’, ಮಾಂಸಕ್ಕೆ ‘ಮಟನ್’, ಹಂದಿಗೆ ‘ಪಿಗ್’, ಮಾಂಸಕ್ಕೆ ‘ಪೋರ್ಕ್’. ಪ್ರಾಣಿಯನ್ನು ಸಾಕುತ್ತಿದ್ದವರು ಸೋತ ಇಂಗ್ಲಿಷ್ ರೈತರು, ಅದನ್ನು ತಿನ್ನುತ್ತಿದ್ದವರು ಗೆದ್ದ ಫ್ರೆಂಚ್ ದೊರೆಗಳು, ಆದ್ದರಿಂದಲೇ ಹೀಗೆ ಎರಡೆರಡು ಹೆಸರು ಎಂದು ನಮ್ಮ ಕಾಲೇಜಿನ ಅಧ್ಯಾಪಕರು ಹೇಳಿದ್ದರು. ಇದು ನಿಜವಷ್ಟೇ?

ಕತೆ ಸೊಗಸಾಗಿದೆ, ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಅದನ್ನು ಲೋಕಪ್ರಿಯ ಮಾಡಿದವನು ವಾಲ್ಟರ್ ಸ್ಕಾಟ್. 1819ರ ಕೊನೆಯಲ್ಲಿ ಹೊರಬಂದ ‘ಐವನ್‌ಹೋ’ ಕಾದಂಬರಿಯಲ್ಲಿ ವಾಂಬಾ ಎಂಬ ವಿದೂಷಕನು ಹಂದಿ ಕಾಯುವ ಗರ್ತ್ ಎಂಬವನಿಗೆ ಇದನ್ನು ಅಣಕದ ದನಿಯಲ್ಲಿ ವಿವರಿಸುತ್ತಾನೆ. ಸ್ಕಾಟನಿಗಿಂತ ಬಹಳ ಮೊದಲು, 1653ರಲ್ಲಿ, ಜಾನ್ ವಾಲಿಸ್ ಎಂಬ ಗಣಿತಜ್ಞ ಲ್ಯಾಟಿನ್ ಭಾಷೆಯಲ್ಲಿ ಬರೆದ ತನ್ನ ಇಂಗ್ಲಿಷ್ ವ್ಯಾಕರಣದಲ್ಲಿ ಈ ಜೋಡಿಗಳನ್ನು ಗುರುತಿಸಿದ್ದ. ಒಬ್ಬ ಏಳುನೂರೈವತ್ತು ವರ್ಷಗಳ ಆಮೇಲಿನ ಕಾದಂಬರಿಕಾರ, ಇನ್ನೊಬ್ಬ ಸುಮಾರು ಆರುನೂರು ವರ್ಷಗಳ ಆಮೇಲಿನ ವೈಯಾಕರಣ. ಇಬ್ಬರೂ ಹನ್ನೊಂದನೆಯ ಶತಮಾನದ ಅಡುಗೆಮನೆಗೆ ಸಾಕ್ಷಿಗಳಲ್ಲ. ಕನ್ನಡದ ಒಂದು ಪದ ಹಳೆಯದೆಂದು ಯಾರಾದರೂ ಹೇಳಿದರೆ ‘ಯಾವ ಶಾಸನದಲ್ಲಿದೆ, ಶಾಸನದ ಕಾಲ ಯಾವುದು’ ಎಂದು ನಾವು ತಕ್ಷಣ ಕೇಳುತ್ತೇವೆ. ಅದೇ ನಾವು, ಇಂಗ್ಲಿಷಿನ ವಿಷಯ ಬಂದೊಡನೆ ಯಾರು ಏನು ಹೇಳಿದರೂ ತಲೆದೂಗುವುದು ಏಕೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮೊದಲು ಫ್ರೆಂಚ್ ಭಾಷೆಯನ್ನೇ ನೋಡಬೇಕು. ಅಲ್ಲಿ ‘ಬಫ್’ ಎಂದರೆ ಎತ್ತೂ ಹೌದು, ಅದರ ಮಾಂಸವೂ ಹೌದು. ‘ಮುತೋಂ’ ಎಂದರೆ ಹುಲ್ಲು ಮೇಯುವ ಕುರಿಯೂ ಹೌದು, ಬಾಣಲೆಯಲ್ಲಿ ಬೇಯುವ ಕುರಿಯೂ ಹೌದು. ಕರುವಿನ ‘ವೋ’, ಹಂದಿಯ ‘ಪೋರ್’ ಕೂಡ ಹಾಗೆಯೇ. ಗೆದ್ದು ಬಂದ ದೊರೆಯ ನಾಲಿಗೆಯಲ್ಲಿ ಪ್ರಾಣಿಗೊಂದು, ಮಾಂಸಕ್ಕೊಂದು ಎಂಬ ಭೇದವೇ ಇರಲಿಲ್ಲ ಎಂದ ಮೇಲೆ, ಆ ಭೇದವನ್ನು ಅವನು ಊಟದ ಮೇಜಿಗೆ ತಂದನೆಂದು ಹೇಳುವುದು ಹೇಗೆ? ಅದು ಹುಟ್ಟಿದ್ದು ಇಂಗ್ಲಿಷಿನ ಒಳಗೆ, ಅದೂ ಬಹಳ ನಿಧಾನವಾಗಿ.

ಎಷ್ಟು ನಿಧಾನ ಎಂಬುದಕ್ಕೆ ಕಾಲಗಣನೆ ನೋಡಿ. ‘ಬೀಫ್’ ಎಂಬ ಪದ ಇಂಗ್ಲಿಷ್ ಬರಹಗಳಲ್ಲಿ ಕಾಣಿಸಿಕೊಳ್ಳುವುದು 1300ರ ಸುಮಾರಿಗೆ, ಎಂದರೆ ಯುದ್ಧವಾಗಿ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಇದು ಆ ಒಂದು ಪದದ ವಿಶೇಷವೂ ಅಲ್ಲ. ಇಂಗ್ಲಿಷಿಗೆ ಫ್ರೆಂಚ್ ಪದಗಳು ಪ್ರವಾಹದಂತೆ ಹರಿದದ್ದು ದೊರೆಗಳು ಫ್ರೆಂಚಿನಲ್ಲೇ ಆಳುತ್ತಿದ್ದಾಗಲ್ಲ. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಫ್ರೆಂಚನ್ನು ಮರೆತು ಇಂಗ್ಲಿಷಿಗೆ ಹೊರಳುತ್ತಿದ್ದ 1250ರಿಂದ 1400ರ ನಡುವಿನ ಅವಧಿಯಲ್ಲಿ. ನ್ಯಾಯಾಲಯದ ವಾದಗಳು ಇಂಗ್ಲಿಷಿನಲ್ಲಿ ನಡೆಯಲಿ ಎಂದು ಅಲ್ಲಿನ ಸಂಸತ್ತು ಕಾನೂನು ಮಾಡಿದ್ದು 1362ರಲ್ಲಿ. ಭಾಷೆ ಬಿಡುವವನು ಹಳೆಯ ಭಾಷೆಯ ಪದಗಳನ್ನು ಹೊಸ ಭಾಷೆಯೊಳಕ್ಕೆ ಹೊತ್ತುಕೊಂಡು ಬರುತ್ತಾನೆ. ಗೆದ್ದವರು ಸೋತವರ ಮೇಲೆ ಪದಗಳನ್ನು ಹೇರಿದರು ಎಂಬ ಚಿತ್ರಕ್ಕೂ ಇದಕ್ಕೂ ಬಹಳ ಅಂತರವಿದೆ.

ಇನ್ನೂ ಬಲವಾದ ಪುರಾವೆ ಬೇಕೆಂದರೆ ಶೇಕ್ಸ್‌ಪಿಯರ್‌ನಲ್ಲಿದೆ. ‘ವೆನಿಸ್ಸಿನ ವರ್ತಕ’ ನಾಟಕದ ಮೊದಲ ಅಂಕದಲ್ಲಿ ಬಡ್ಡಿ ವ್ಯಾಪಾರಿ ಶೈಲಾಕ್, ಮನುಷ್ಯನ ಒಂದು ಪೌಂಡ್ ಮಾಂಸಕ್ಕೆ ಕುರಿ, ದನ, ಮೇಕೆಗಳ ಮಾಂಸದಷ್ಟೂ ಬೆಲೆಯಿಲ್ಲ ಎನ್ನುತ್ತಾನಲ್ಲ, ಅಲ್ಲಿ ಅವನು ಬಳಸುವುದು ‘ಮಟನ್’ ಮತ್ತು ‘ಬೀಫ್’ ಪದಗಳ ಬಹುವಚನ ರೂಪಗಳನ್ನು. ಮಟನ್‌ಗಳ ಮಾಂಸ, ಬೀಫ್‌ಗಳ ಮಾಂಸ. ಎಂದರೆ ಅಲ್ಲಿ ಆ ಎರಡೂ ಪದಗಳಿಗೆ ನಾಲ್ಕು ಕಾಲಿನ, ಉಸಿರಾಡುವ ಪ್ರಾಣಿ ಎಂದೇ ಅರ್ಥ. ನಾರ್ಮನ್ನರು ಬಂದು ಐನೂರು ವರ್ಷಗಳಾದ ಮೇಲೂ ಲಂಡನ್ನಿನ ರಂಗಮಂದಿರದಲ್ಲಿ ಪ್ರೇಕ್ಷಕರು ಇದನ್ನು ತಡೆಯಿಲ್ಲದೆ ಅರ್ಥಮಾಡಿಕೊಳ್ಳುತ್ತಿದ್ದರು. ಹಾಗಿರುವಾಗ ಕೊಟ್ಟಿಗೆ ಮತ್ತು ತಟ್ಟೆಯ ನಡುವಿನ ಗೋಡೆ 1066ರಲ್ಲೇ ಎದ್ದು ನಿಂತಿತ್ತೆಂದು ಪಾಠ ಹೇಳುವವರು ಈ ನಾಟಕವನ್ನೂ ಪಾಠ ಮಾಡುತ್ತಾರಲ್ಲ ಎಂಬುದು ನನ್ನ ಸಿಡುಕಿಗೆ ಒಂದು ಕಾರಣ.

ಕತೆಗೆ ಹೊಂದದ ಪದಗಳನ್ನು ಕತೆ ಹೇಳುವವರು ಎಣಿಸುವುದೇ ಇಲ್ಲ. ಕುರಿಮರಿ ಹೊಲದಲ್ಲೂ ‘ಲ್ಯಾಂಬ್’, ತಟ್ಟೆಯಲ್ಲೂ ‘ಲ್ಯಾಂಬ್’. ಮೀನು ನೀರಿನಲ್ಲೂ ಎಣ್ಣೆಯಲ್ಲೂ ‘ಫಿಶ್’. ಕೋಳಿ ‘ಚಿಕನ್’ ಆಗಿಯೇ ಉಳಿಯಿತು. ಹಂದಿತೊಡೆಯ ‘ಹ್ಯಾಮ್’ ಅಚ್ಚ ಇಂಗ್ಲಿಷ್ ಪದ. ಅದೇ ಹಂದಿಯ ‘ಬೇಕನ್’ ಫ್ರೆಂಚಿನಿಂದ ಬಂದದ್ದು. ಎಲ್ಲಕ್ಕಿಂತ ತಮಾಷೆಯೆಂದರೆ, ರೈತನ ಕೊಟ್ಟಿಗೆಯಲ್ಲಿ ಜೀವಂತವಾಗಿ ನಿಂತಿರುವ ಜಾನುವಾರುಗಳಿಗೆ ಇಂಗ್ಲಿಷಿನಲ್ಲಿ ಒಟ್ಟಾಗಿ ಇರುವ ಹೆಸರು ‘ಕ್ಯಾಟಲ್’, ಮತ್ತು ಅದು ನಾರ್ಮನ್ ಫ್ರೆಂಚಿನಿಂದ ಬಂದ ಪದ! ಲ್ಯಾಟಿನ್ನಿನ ‘ಕ್ಯಾಪಿಟಾಲೆ’, ಅಂದರೆ ಮೂಲಧನ, ಆಸ್ತಿ ಎಂಬುದು ಅದರ ಬೇರು. ಮೊದಲಿಗೆ ಎಲ್ಲ ಚರಾಸ್ತಿಯೂ ‘ಕ್ಯಾಟಲ್’ ಆಗಿತ್ತು. ಹಳ್ಳಿಗನ ಆಸ್ತಿಯೆಂದರೆ ದನಗಳೇ ಆದ್ದರಿಂದ ಅರ್ಥ ಅಲ್ಲಿಗೆ ಕುಗ್ಗಿತು. ಅದೇ ಬೇರಿನಿಂದ ಪ್ಯಾರಿಸ್ ಕಡೆಯ ಉಚ್ಚಾರದಲ್ಲಿ ಬಂದ ‘ಚಾಟಲ್’ ಇಂದಿಗೂ ವಕೀಲರ ಭಾಷೆಯಲ್ಲಿ ಚರಾಸ್ತಿಯೇ. ನಮ್ಮ ‘ದನ’ವನ್ನು ನಿಘಂಟುಕಾರರು ‘ಧನ’ದ ತದ್ಭವವೆಂದು ಹೇಳುವುದನ್ನು ನೆನಪಿಸಿಕೊಂಡರೆ, ಯಾರೂ ಯಾರಿಂದಲೂ ನಕಲು ಮಾಡದೆ ಎರಡು ದೇಶಗಳ ರೈತರು ಒಂದೇ ದಾರಿಯಲ್ಲಿ ಯೋಚಿಸಿದ್ದು ಕಾಣುತ್ತದೆ.

ಹಾಗಾದರೆ ಆ ಕತೆಯಲ್ಲಿ ಸತ್ಯವೇ ಇಲ್ಲವೇ ಎಂದರೆ, ಕಾಳಷ್ಟು ಇದೆ. ಸಿರಿವಂತರ ಅಡುಗೆ ಫ್ರೆಂಚ್ ಮಾದರಿಯದಾಗಿತ್ತು, ಅಡುಗೆಯ ಬರಹಗಳೂ ಆ ಪದಗಳನ್ನು ಹೊತ್ತು ತಂದವು. ಒಳ್ಳೆಯ ತುಂಡುಗಳಿಗೆ ಫ್ರೆಂಚ್ ಹೆಸರು ನಿಂತಿತು. ಬಾಲ, ಕಾಲು, ತಲೆಗಳಿಗೆ ಇಂಗ್ಲಿಷಿನಲ್ಲಿ ಇವತ್ತಿಗೂ ‘ಆಕ್ಸ್’ ಬಾಲ, ‘ಪಿಗ್’ ಕಾಲು, ‘ಶೀಪ್’ ತಲೆ ಎಂದೇ ಹೇಳುತ್ತಾರೆ. ಅಂತಸ್ತಿನ ನೆರಳು ಇಲ್ಲಿ ಬಿದ್ದಿರುವುದು ನಿಜ. ಆದರೆ ಇದು ಗೆದ್ದವರು ಸೋತವರ ಒಂದು ದಿನದ ಲೆಕ್ಕಾಚಾರವಲ್ಲ. ಒಂದೇ ವಸ್ತುವಿಗೆ ಎರಡು ಪದಗಳು ಒಂದೇ ಭಾಷೆಯಲ್ಲಿ ಬಹುಕಾಲ ಉಳಿದರೆ ಅವು ತಮ್ಮತಮ್ಮಲ್ಲೇ ಜಾಗ ಹಂಚಿಕೊಳ್ಳುತ್ತವೆ. ಹಳಗನ್ನಡದಲ್ಲಿ ‘ಕೂಳ್’ ಎಂದರೆ ಸುಮ್ಮನೆ ಅನ್ನ, ಊಟ. ಅದರಲ್ಲಿ ಯಾವ ತಿರಸ್ಕಾರವೂ ಇರಲಿಲ್ಲ. ಸಂಸ್ಕೃತದ ‘ಅನ್ನ’ ಎಲೆಯ ನಡುವೆ ಬಂದು ಕುಳಿತ ಮೇಲೆ ‘ಕೂಳು’ ಬೈಗುಳದ ಪಕ್ಕಕ್ಕೆ ಸರಿಯಿತು. ಇದನ್ನು ಯಾವ ಅರಸನೂ ಯುದ್ಧ ಗೆದ್ದು ಆಜ್ಞೆ ಹೊರಡಿಸಿ ಮಾಡಿಸಲಿಲ್ಲ. ಮಾಂಸಕ್ಕೆ ನಮ್ಮಲ್ಲಿದ್ದ ‘ಅಡಗು’ ಎಂಬ ಹಳೆಯ ಪದವಂತೂ ಬೇರೆ ಜಾಗ ಸಿಗದೆ ಬಳಕೆಯಿಂದಲೇ ಜಾರಿತು.

ಈ ಜೋಡಿಗಳ ಬಗ್ಗೆ ಕೇಳುವವರು ಯಾರೂ ಕೇಳದ, ನನ್ನ ಮಟ್ಟಿಗೆ ಅತ್ಯಂತ ರುಚಿಕರವಾದ ಸಂಗತಿ ಇನ್ನೊಂದಿದೆ. ‘ಕೌ’ ಮತ್ತು ‘ಬೀಫ್’ ಮೂಲದಲ್ಲಿ ಬೇರೆ ಬೇರೆ ಪದಗಳೇ ಅಲ್ಲ. ಸಂಸ್ಕೃತ, ಲ್ಯಾಟಿನ್, ಇಂಗ್ಲಿಷ್‌ಗಳಿಗೆಲ್ಲ ಮೂಲವೆಂದು ಪಂಡಿತರು ಊಹಿಸಿರುವ ಮೂಲ ಇಂಡೋ-ಯೂರೋಪಿಯನ್ ಭಾಷೆಯಲ್ಲಿ ತುಟಿಗಳನ್ನು ದುಂಡಗೆ ಮಾಡಿ ಉಚ್ಚರಿಸುತ್ತಿದ್ದ ಒಂದು ಗಕಾರವಿತ್ತು. ಹಸುವಿನ ಹೆಸರು ಅದರಿಂದ ಶುರುವಾಗುತ್ತಿತ್ತು. ಆ ಧ್ವನಿ ಸಂಸ್ಕೃತದಲ್ಲಿ ಗಕಾರವಾಗಿ ‘ಗೋ’ ಎಂದಾಯಿತು, ಇಂಗ್ಲಿಷ್, ಜರ್ಮನ್‌ಗಳು ಸೇರುವ ಜರ್ಮಾನಿಕ್ ಶಾಖೆಯಲ್ಲಿ ಕಕಾರವಾಗಿ ಇಂಗ್ಲಿಷಿನ ‘ಕೌ’ ಆಯಿತು. ಲ್ಯಾಟಿನ್ ಈ ಪದವನ್ನು ತನ್ನ ನೆರೆಯ ಇಟಾಲಿಕ್ ನುಡಿಯೊಂದರಿಂದ ಪಡೆದದ್ದರಿಂದ ಅಲ್ಲಿ ಬಕಾರ ಬಂದು ‘ಬೋಸ್’, ಅದರಿಂದ ಫ್ರೆಂಚಿನ ‘ಬಫ್’, ಅದರಿಂದ ಇಂಗ್ಲಿಷಿನ ‘ಬೀಫ್’. ಒಂದೇ ಪದ ಒಮ್ಮೆ ತವರಿನಿಂದ, ಇನ್ನೊಮ್ಮೆ ಸುತ್ತು ಹಾಕಿಕೊಂಡು ಇಂಗ್ಲಿಷಿನ ಮನೆ ಸೇರಿದೆ. ಗೋಮಾಳದ ‘ಗೋ’ ಕೂಡ ಅದೇ ಪದ. ಕನ್ನಡದ ‘ಆಕಳು’ ಮಾತ್ರ ಈ ಬಳಗಕ್ಕೆ ಸೇರಿದ್ದಲ್ಲ. ದಯವಿಟ್ಟು ಸೇರಿಸಲು ಹೋಗಬೇಡಿ.

‘ಮಟನ್’ ಬಗ್ಗೆ ಕೇಳಿದವರಿಗೆ: ಆ ಪದ ಫ್ರಾನ್ಸಿಗೆ ಬಹುಮಟ್ಟಿಗೆ ಗಾಲಿಷ್ ಎಂಬ ಹಳೆಯ ಕೆಲ್ಟಿಕ್ ನುಡಿಯಿಂದ ಬಂದದ್ದು, ಲ್ಯಾಟಿನ್ನಿನಿಂದಲ್ಲ. ಅಲ್ಲಿನ ಕುರಿ ಸಾಕುವವರ ಮಾತಿನಲ್ಲಿ ‘ಮುತೋಂ’ ಎಂದರೆ ಬೀಜ ಒಡೆದ ಟಗರು. ಇಂಗ್ಲೆಂಡಿನಲ್ಲಿ ಅದು ಕುರಿಯ ಮಾಂಸವಾಯಿತು; ಹಡಗು ಹತ್ತಿ ನಮ್ಮ ಕಡೆಗೆ ಬಂದ ಮೇಲೆ ಮೇಕೆಯ ಮಾಂಸವೂ ಆಯಿತು. ‘ಮಟನ್ ಬಿರಿಯಾನಿ’ ಎಂಬ ಫಲಕದ ಕೆಳಗೆ ಕುಳಿತವನಿಗೆ ಬಡಿಸಿದ್ದು ಕುರಿಯೋ ಮೇಕೆಯೋ ಎಂಬುದನ್ನು ನಿಘಂಟು ನೋಡಿ ತೀರ್ಮಾನಿಸಲಾಗದು.

ಪ್ರಶ್ನೆ: ಮಿಕ್ಸಿ ಕೊಂಡಾಗ ಅಂಗಡಿಯವರು ‘ಇದು ವಾರಂಟಿ ಮಾತ್ರ, ಗ್ಯಾರಂಟಿ ಅಲ್ಲ’ ಎಂದರು. ಮೂಲದಲ್ಲಿ ಇವೆರಡಕ್ಕೂ ವ್ಯತ್ಯಾಸವೇನು?

ಮೂಲದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಹಿಂದೆ ಫ್ರಾನ್ಸನ್ನು ಆಳಿದ ಫ್ರಾಂಕರ ಜರ್ಮಾನಿಕ್ ನುಡಿಯ ಒಂದೇ ಪದ ಫ್ರಾನ್ಸಿನ ಉತ್ತರದಲ್ಲಿ ವಕಾರವನ್ನು ಉಳಿಸಿಕೊಂಡಿತು, ಪ್ಯಾರಿಸ್ ಸುತ್ತಿನಲ್ಲಿ ಅದೇ ವಕಾರ ಗಕಾರವಾಯಿತು. ನಾರ್ಮನ್ನರು ಉತ್ತರದವರಾದ್ದರಿಂದ ‘ವಾರಂಟಿ’ ಮೊದಲು ಬಂತು. ‘ಗ್ಯಾರಂಟಿ’ ಇಂಗ್ಲಿಷಿನಲ್ಲಿ ಕಾಣಿಸಿದ್ದು ಹದಿನೇಳನೆಯ ಶತಮಾನದಲ್ಲಿ. ‘ವಾರ್ಡನ್’ ಮತ್ತು ‘ಗಾರ್ಡಿಯನ್’ ಕೂಡ ಇದೇ ಬಗೆಯ ಜೋಡಿ. ಇಂಗ್ಲಿಷಿನ ‘ವಾರ್’, ಫ್ರೆಂಚಿನ ‘ಗೇರ್’, ಎರಡೂ ಯುದ್ಧವೇ. ‘ವಿಲಿಯಂ’ ಎಂಬ ಹೆಸರು ಪ್ಯಾರಿಸ್ಸಿನಲ್ಲಿ ‘ಗಿಯೋಮ್’ ಆಗುವುದೂ ಇದರಿಂದಲೇ. ಕಾಲಕ್ಕೆ ತಕ್ಕಂತೆ ಉಚ್ಚಾರ ಬದಲಾಗುವುದಕ್ಕೆ ‘ಚೀಫ್’ ಮತ್ತು ‘ಶೆಫ್’ ಒಳ್ಳೆಯ ನಿದರ್ಶನ: ಎರಡೂ ತಲೆ ಎಂಬ ಅರ್ಥದ ಒಂದೇ ಫ್ರೆಂಚ್ ಪದ, ಚಕಾರವಿದ್ದ ಕಾಲದಲ್ಲಿ ಬಂದದ್ದು ಕಚೇರಿಯ ಮುಖ್ಯಸ್ಥನಾಯಿತು, ಚಕಾರ ಶಕಾರವಾದ ಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದದ್ದು ಅಡುಗೆಮನೆಯ ಮುಖ್ಯಸ್ಥನಾಯಿತು. ನಿಮ್ಮ ಮಿಕ್ಸಿ ಕೆಟ್ಟಿದ್ದರೆ ಕಾರ್ಡಿನ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ. ಪದಮೂಲ ತೋರಿಸಿದರೆ ಅಂಗಡಿಯವರು ರಿಪೇರಿ ಮಾಡಿಕೊಡುವುದಿಲ್ಲ.

ಪ್ರಶ್ನೆ: ಫ್ರೆಂಚ್ ಅಕ್ಷರದ ಮೇಲೆ ಟೋಪಿಯಂಥ ಗುರುತು ಇದ್ದರೆ ಅಲ್ಲೊಂದು ಸಕಾರ ಸೇರಿಸಿ, ಇಂಗ್ಲಿಷ್ ಪದ ತಾನಾಗಿ ಸಿಗುತ್ತದೆ ಎಂದು ಕೋಚಿಂಗ್ ತರಗತಿಯಲ್ಲಿ ಹೇಳಿಕೊಟ್ಟಿದ್ದಾರೆ. ಈ ಸೂತ್ರವನ್ನು ನಂಬಬಹುದೇ?

ಅರ್ಧ ನಂಬಬಹುದು. ಉಚ್ಚಾರದಲ್ಲಿ ಎಂದೋ ಬಿದ್ದುಹೋಗಿದ್ದ ಸಕಾರವನ್ನು ಫ್ರೆಂಚ್ ಅಕಾಡೆಮಿಯ ನಿಘಂಟು 1740ರ ಆವೃತ್ತಿಯಲ್ಲಿ ಬರಹದಿಂದಲೂ ತೆಗೆದು, ಹಲವು ಕಡೆ ಆ ಟೋಪಿಯನ್ನು ತೊಡಿಸಿತು. ‘ಫೊರೆ’ ಮತ್ತು ‘ಫಾರೆಸ್ಟ್’, ‘ಒಪಿತಾಲ್’ ಮತ್ತು ‘ಹಾಸ್ಪಿಟಲ್’ ಹೀಗೆ ಸೂತ್ರಕ್ಕೆ ಸಿಗುತ್ತವೆ. ಆದರೆ ವಯಸ್ಸು ಎಂಬ ಅರ್ಥದ ‘ಆಜ್’ ಪದದ ಟೋಪಿಯ ಕೆಳಗೆ ಎಂದೂ ಸಕಾರ ಇರಲಿಲ್ಲ. ಅಲ್ಲಿ ಬಿದ್ದದ್ದು ಒಂದು ಸ್ವರ. ಶಾಲೆಯ ‘ಎಕೋಲ್’, ರಾಜ್ಯದ ‘ಎತಾ’ ಪದಗಳಲ್ಲಿ ಸಕಾರ ಬಿದ್ದಿದೆ, ಟೋಪಿ ಇಲ್ಲ. ಇಂಗ್ಲಿಷಿನ ‘ಐಲ್ಯಾಂಡ್’ ಪದದ ನಡುವಿನ ಮೂಕ ಸಕಾರವಂತೂ ಶುದ್ಧ ಕಲಬೆರಕೆ: ಆ ಪದ ಅಚ್ಚ ಇಂಗ್ಲಿಷ್, ಫ್ರೆಂಚಿನಿಂದ ಬಂದ ‘ಐಲ್’ ಪದದ ನಂಟೆಂದು ತಪ್ಪು ತಿಳಿದ ಪಂಡಿತರು ಅದರೊಳಗೆ ಒಂದು ಸಕಾರವನ್ನು ತುರುಕಿದರು.

‘ಓತೆಲ್’ ಎಂಬುದೂ ಟೋಪಿಯ ಪದವೇ; ‘ಹಾಸ್ಟೆಲ್’, ‘ಹಾಸ್ಪಿಟಲ್’, ‘ಹೋಟೆಲ್’ ಮೂರೂ ಅತಿಥಿ ಎಂಬ ಅರ್ಥದ ಒಂದೇ ಬೇರಿನವು. ನಮ್ಮವರಿಗೆ ಹೋಟೆಲ್ ಎಂದರೆ ಇಡ್ಲಿ ಕಾಫಿ ಸಿಗುವ ಜಾಗ, ಇಂಗ್ಲಿಷರಿಗೆ ಮಲಗುವ ಜಾಗ, ಫ್ರಾನ್ಸಿನಲ್ಲಿ ‘ಓತೆಲ್ ದ ವೀಲ್’ ಎಂದರೆ ಪುರಸಭೆಯ ಕಚೇರಿ. ನನ್ನ ವಿದ್ಯಾರ್ಥಿಯೊಬ್ಬ ಸೂಟ್‌ಕೇಸ್ ಹಿಡಿದುಕೊಂಡು ಅದರ ಬಾಗಿಲಿಗೆ ಹೋಗಿ ನಿಂತಿದ್ದ.

ಇಂಗ್ಲಿಷ್ ಬಂದರೆ ಸಾವಿರಾರು ಫ್ರೆಂಚ್ ಪದಗಳು ಉಚಿತ ಎಂದು ಸಾರುವ ಕೋಚಿಂಗಿನವರ ಬಗ್ಗೆ ಒಂದು ಎಚ್ಚರಿಕೆ ಕೊಡಲೇಬೇಕು. ‘ಲಿಬ್ರೆರಿ’ ಗ್ರಂಥಾಲಯವಲ್ಲ, ಪುಸ್ತಕದ ಅಂಗಡಿ. ‘ದಮಾಂದೆ’ ಎಂದರೆ ಆಗ್ರಹಪಡಿಸುವುದಲ್ಲ, ಸಾದಾ ಕೇಳುವುದು. ‘ಆಕ್ತ್ಯುಯೆಲ್ಮಾಂ’ ಎಂದರೆ ವಾಸ್ತವವಾಗಿ ಎಂದಲ್ಲ, ಸದ್ಯಕ್ಕೆ ಎಂದು. ಜಾಮಿನಲ್ಲಿ ‘ಪ್ರಿಸರ್ವೇಟಿವ್’ ಹಾಕಿದ್ದೀರಾ ಎಂದು ಅಲ್ಲಿಯ ಅಂಗಡಿಯಲ್ಲಿ ಅದೇ ಪದವನ್ನು ಫ್ರೆಂಚ್ ಮಾಡಿ ಕೇಳಿದರೆ, ನೀವು ಕೇಳಿದ್ದು ಕಾಂಡೋಮ್ ಬಗ್ಗೆ ಆಗುತ್ತದೆ. ನಾನು ಇಂದಿಗೂ ಎರಡೂ ಭಾಷೆಗಳಲ್ಲಿ ಒಂದೇ ತೆರನಾಗಿ ಕಾಣುವ ಪದವನ್ನು ನಿಘಂಟು ನೋಡದೆ ಬರೆಯುವುದಿಲ್ಲ. ಪರಿಚಿತ ಮುಖದ ಪದವೇ ಹೆಚ್ಚು ಮೋಸ ಮಾಡುವುದು.

ಪ್ರಶ್ನೆ: ‘ನ್ಯಾವಿಗೇಷನ್’ ನಮ್ಮ ‘ನಾವ್‌ಗತಿ’ಯಿಂದ, ‘ಮದರ್’ ಮತ್ತು ಫ್ರೆಂಚಿನ ‘ಮೇರ್’ ನಮ್ಮ ‘ಮಾತೃ’ವಿನಿಂದ ಬಂದವೆಂಬ ಸಂದೇಶ ವಾಟ್ಸ್‌ಆ್ಯಪಿನಲ್ಲಿ ಓಡಾಡುತ್ತಿದೆ. ಖಚಿತಪಡಿಸುವಿರಾ?

ಖಚಿತಪಡಿಸುವುದಿಲ್ಲ. ‘ನ್ಯಾವಿಗೇಷನ್’ ಹಡಗು ಎಂಬ ಅರ್ಥದ ‘ನಾವಿಸ್’ ಮತ್ತು ನಡೆಸು ಎಂಬ ಅರ್ಥದ ‘ಆಗೆರೆ’ ಸೇರಿ ಲ್ಯಾಟಿನ್ನಿನಲ್ಲಿ ಆದ ಪದ. ಸಂಸ್ಕೃತದ ‘ನೌ’ ಆ ‘ನಾವಿಸ್’ನ ಸೋದರಿ, ತಾಯಿಯಲ್ಲ, ‘ಮಾತೃ’ ಮತ್ತು ‘ಮದರ್’ ಕೂಡ ಹಾಗೆಯೇ. ಅಕ್ಕತಂಗಿಯರಲ್ಲಿ ಒಬ್ಬಳನ್ನು ಇನ್ನೊಬ್ಬಳ ತಾಯಿ ಎನ್ನುವುದು ಇಬ್ಬರಿಗೂ ಗೌರವವಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಈಗ ಬಹುಶಃ ಉಳಿದಿರದ ಒಂದೇ ಮೂಲದಿಂದ ಬಂದಿರಬೇಕೆಂದು ಸಂಸ್ಕೃತ ಕಲಿತ ಬ್ರಿಟಿಷ್ ನ್ಯಾಯಾಧೀಶ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಹೇಳಿದ್ದು 1786ರಲ್ಲಿ. ಎರಡು ಪದಗಳು ಕಿವಿಗೆ ಒಂದೇ ರೀತಿ ಕೇಳಿಸುವುದು ನೆಂಟಸ್ತಿಕೆಗೆ ಪುರಾವೆಯಲ್ಲ; ಧ್ವನಿ ಬದಲಾವಣೆ ಸಾಲುಸಾಲು ಪದಗಳಲ್ಲಿ ತಪ್ಪದೆ ಕಾಣಬೇಕು. ಲ್ಯಾಟಿನ್ ‘ಪಾತೆರ್’, ಸಂಸ್ಕೃತ ‘ಪಿತೃ’ ಪದಗಳ ಪಕಾರ ಇಂಗ್ಲಿಷಿನ ‘ಫಾದರ್’ನಲ್ಲಿ ಫಕಾರವಾದ ಹಾಗೆಯೇ, ‘ಪಾದ’ಕ್ಕೆ ಎದುರಾಗಿ ‘ಫುಟ್’, ಮೀನಿನ ‘ಪಿಸ್ಕಿಸ್’ಗೆ ಎದುರಾಗಿ ‘ಫಿಶ್’ ನಿಲ್ಲುತ್ತವೆ. ಇಂಥ ಸಾಲನ್ನು ತೋರಿಸದೆ ಪ್ರಾಸ ಕೂಡಿಸುವವರು ಭಾಷಾಶಾಸ್ತ್ರದ ನಕಲಿ ವೈದ್ಯರು. ಅಂಥ ಸಂದೇಶಗಳನ್ನು ನನಗೆ ಕಳುಹಿಸಬೇಡಿ, ಬೇರೆಯವರಿಗೂ ಕಳುಹಿಸಬೇಡಿ.

ಉಳಿದ ಪತ್ರಗಳಿಗೆ ಚಿಕ್ಕ ಉತ್ತರಗಳು ಸಾಕು. ಟೆನಿಸ್ಸಿನಲ್ಲಿ ಸೊನ್ನೆಗೆ ‘ಲವ್’ ಎನ್ನುವುದು ಮೊಟ್ಟೆ ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದಿದೆ ಎನ್ನಲು ಆಧಾರವಿಲ್ಲ. 1814ರಲ್ಲಿ ಪ್ಯಾರಿಸ್ಸಿಗೆ ಬಂದ ರಷ್ಯದ ಸೈನಿಕರು ತಮ್ಮ ಭಾಷೆಯಲ್ಲಿ ‘ಬೇಗ, ಬೇಗ’ ಎಂದು ಕೂಗಿದ್ದರಿಂದ ಚಿಕ್ಕ ಊಟದ ಮನೆ ಎಂಬ ಅರ್ಥದ ‘ಬಿಸ್ತ್ರೋ’ ಹುಟ್ಟಿತೆಂಬುದೂ ಸುಳ್ಳು; ಆ ಪದ ಬರಹದಲ್ಲಿ ಸಿಗುವುದು 1880ರ ದಶಕದಲ್ಲಿ, ಎಪ್ಪತ್ತು ವರ್ಷ ಅದು ಎಲ್ಲಿ ಅಡಗಿತ್ತು? ವಿಮಾನದವರ ಅಪಾಯದ ಕರೆ ‘ಮೇಡೇ’ ಮಾತ್ರ ‘ನನಗೆ ಸಹಾಯ ಮಾಡಿ’ ಎಂಬ ಫ್ರೆಂಚ್ ಮಾತಿನಿಂದಲೇ ಬಂದದ್ದು. 1920ರ ದಶಕದಲ್ಲಿ ಲಂಡನ್ ಬಳಿಯ ಕ್ರಾಯ್ಡನ್ ವಿಮಾನ ನಿಲ್ದಾಣದಲ್ಲಿ ಅದನ್ನು ರೂಪಿಸಿದರು, ಏಕೆಂದರೆ ಅಲ್ಲಿಯ ವಿಮಾನಗಳಲ್ಲಿ ಬಹಳಷ್ಟು ಪ್ಯಾರಿಸ್ಸಿಗೆ ಹಾರುತ್ತಿದ್ದವು. ‘ಬಜೆಟ್’ ಹಳೆಯ ಫ್ರೆಂಚಿನಲ್ಲಿ ಚಿಕ್ಕ ಚರ್ಮದ ಚೀಲ. ಇಂಗ್ಲೆಂಡಿನಲ್ಲಿ ಸರ್ಕಾರದ ಲೆಕ್ಕಪತ್ರವಾಗಿ ಫ್ರಾನ್ಸಿಗೆ ಮರಳಿತು. ‘ಕರ್ಫ್ಯೂ’ ಎಂದರೆ ಬೆಂಕಿ ಮುಚ್ಚು ಎಂದು. ರಾತ್ರಿ ಗಂಟೆ ಬಾರಿಸಿದಾಗ ಒಲೆಯನ್ನು ಮುಚ್ಚಬೇಕಿತ್ತು.

ಮಾಂಟ್ರಿಯಲ್‌ನಲ್ಲಿರುವ ಕನ್ನಡದ ತಾಯಿಯೊಬ್ಬರು, ಪ್ಯಾರಿಸ್ಸಿನವರು ಸಲೀಸಾಗಿ ‘ವೀಕೆಂಡ್’ ಎನ್ನುವಾಗ ಮಗನ ಶಾಲೆಯಲ್ಲಿ ಅದೇ ಅರ್ಥದ ಅಚ್ಚ ಫ್ರೆಂಚ್ ಮಾತು ‘ಫ್ಯಾಂ ದ ಸಮೆನ್’ ಎಂದೇ ಬರೆಯಬೇಕೆಂದು ಹೇಳುವುದೇಕೆ ಎಂದು ಕೇಳಿದ್ದಾರೆ. ಮಾಂಟ್ರಿಯಲ್ ಇರುವ ಕ್ವಿಬೆಕ್ ಕೆನಡಾದ ಫ್ರೆಂಚ್ ಮಾತಿನ ಪ್ರಾಂತ್ಯ; ನಾಲ್ಕೂ ಕಡೆ ಇಂಗ್ಲಿಷ್ ಸುತ್ತುವರಿದಿರುವ ಅಲ್ಲಿನವರಿಗೆ ಎರವಲು ಪದ ಫ್ಯಾಷನ್ ಅಲ್ಲ, ಆತಂಕ. 1977ರ ಭಾಷಾ ಕಾನೂನಿನ ಬೆಂಬಲವೂ ಅವರಿಗಿದೆ. ಫ್ರಾನ್ಸಿನ ರಸ್ತೆಯ ಕೆಂಪು ಫಲಕದಲ್ಲಿ ‘ಸ್ಟಾಪ್’ ಎಂದಿದ್ದರೆ ಅವರ ಫಲಕಗಳಲ್ಲಿ ಸಾಮಾನ್ಯವಾಗಿ ಅದೇ ಅರ್ಥದ ಫ್ರೆಂಚ್ ಪದ ‘ಆರೆ’ ಎಂದಿರುತ್ತದೆ. ಪರೀಕ್ಷೆಯಲ್ಲಿ ಶಾಲೆಯವರು ಹೇಳಿದಂತೆಯೇ ಬರೆಯಲು ಮಗನಿಗೆ ಹೇಳಿ. ಅಂಕ ಕೊಡುವವರು ಪ್ಯಾರಿಸ್ಸಿನಲ್ಲಿ ಕುಳಿತಿಲ್ಲ.